ಜೋತುಬಿದ್ದ ಹೊಟ್ಟೆಯ ಚರ್ಮಕ್ಕೆ ಯಾವ ಬಗೆಯ ಟಮ್ಮಿ ಟಕ್? ಮೂವರು ವೈದ್ಯರು ಮೂರು ಹೇಳಿದ್ದಾರೆ

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ. ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್ ಹೆರಿಗೆ. ಎರಡನೆಯ ಹೆರಿಗೆಯ ನಂತರ 88 ಕಿಲೋಗೆ ಏರಿದ್ದ ತೂಕವನ್ನು ಊಟದ ನಿಯಂತ್ರಣ ಮತ್ತು ನಡಿಗೆಯಿಂದ 64ಕ್ಕೆ ಇಳಿಸಿಕೊಂಡಿದ್ದೇನೆ. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಅದು ಅಲ್ಲಿಯೇ ನಿಂತಿದೆ. ಆದರೆ ಕೊಬ್ಬು ಕರಗಿದಷ್ಟು ಚರ್ಮ ಕುಗ್ಗಲಿಲ್ಲ. ಸಿಸೇರಿಯನ್ ಗಾಯದ ಗೆರೆಯ ಮೇಲೆ ಚರ್ಮವು ಮಡಿಕೆಯಾಗಿ ಜೋತುಬಿದ್ದಿದ್ದು, ಬೇಸಿಗೆಯಲ್ಲಿ ಆ ಸಂದಿಯಲ್ಲಿ ಬೆವರು ನಿಂತು ಕೆಂಪಾಗಿ ಉರಿಯುತ್ತದೆ. ಸೀರೆ ಉಡುವಾಗ ಲಂಗದ ಲಾಡಿಯನ್ನು ಮಡಿಕೆಯ ಮೇಲೆ ಕಟ್ಟಿದರೆ ಚರ್ಮ ಕೆಳಗೆ ಉಬ್ಬಿ ಕಾಣುತ್ತದೆ, ಮಡಿಕೆಯ ಕೆಳಗೆ ಕಟ್ಟಿದರೆ ಸಂಜೆಯ ಹೊತ್ತಿಗೆ ಲಾಡಿಯ ಗುರುತಿನಲ್ಲಿ ಚರ್ಮ ಸುಲಿದಿರುತ್ತದೆ. ಹೊಕ್ಕುಳಿನ ಮೇಲ್ಭಾಗದಲ್ಲಿಯೂ ಚರ್ಮ ಸಡಿಲವಾಗಿದೆ, ಆದರೆ ಕೆಳಗಿನಷ್ಟಿಲ್ಲ. ಕೆಮ್ಮಿದಾಗ ಹೊಕ್ಕುಳಿನ ಬಳಿ ಸಣ್ಣದೊಂದು ಉಬ್ಬು ಕಾಣಿಸುತ್ತದೆ.

ಜೋತ ಚರ್ಮವನ್ನು ಕತ್ತರಿಸಿ ಹೊಟ್ಟೆಯನ್ನು ಬಿಗಿಗೊಳಿಸುವ ಟಮ್ಮಿ ಟಕ್ ಶಸ್ತ್ರಚಿಕಿತ್ಸೆಗಾಗಿ ಮೂವರು ವೈದ್ಯರನ್ನು ಕಂಡಿದ್ದೇನೆ. ಒಬ್ಬರು ಮಿನಿ ಟಮ್ಮಿ ಟಕ್ ಸಾಕು, ಹಳೆಯ ಗಾಯದ ಜಾಗದಲ್ಲಿಯೇ ಮುಗಿಯುತ್ತದೆ ಎಂದರು. ಇನ್ನೊಬ್ಬರು ಸ್ನಾಯು ಹೊಲಿಯುವುದರೊಂದಿಗೆ ಫುಲ್ ಟಮ್ಮಿ ಟಕ್ ಆಗಲೇಬೇಕು ಎಂದರು. ಮೂರನೆಯವರು, ತೂಕ ಇಳಿದವರಿಗೆ ಫ್ಲರ್-ಡಿ-ಲೀ ಎಂಬ ವಿಧಾನದಲ್ಲಿಯೇ ನಡು ಸಣ್ಣದಾಗುವುದು, ಆದರೆ ಹೊಟ್ಟೆಯ ನಟ್ಟನಡುವೆ ಉದ್ದುದ್ದ ಗೆರೆಯೊಂದು ಉಳಿಯುತ್ತದೆ ಎಂದರು. ಮನೆಯಲ್ಲಿ ಅತ್ತೆಯವರು, ಬಾಣಂತನದಲ್ಲಿ ಹೊಟ್ಟೆಯನ್ನು ಸರಿಯಾಗಿ ಕಟ್ಟಿಸಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ. ಈ ವಿಧಾನಗಳ ನಡುವಿನ ನಿಜವಾದ ವ್ಯತ್ಯಾಸವೇನು, ಯಾವುದು ಯಾರಿಗೆ ಒಗ್ಗುತ್ತದೆ ಎಂಬುದನ್ನು ತಿಳಿದವರು ಮತ್ತು ಮಾಡಿಸಿಕೊಂಡವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.


ಉತ್ತರ 1: ಪ್ಲಾಸ್ಟಿಕ್ ಸರ್ಜನ್, ಹುಬ್ಬಳ್ಳಿ

ನಮಸ್ಕಾರ ಮೇಡಂ. ತಮ್ಮನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ ಪರೀಕ್ಷಿಸದೆ ಇಂಥದ್ದನ್ನೇ ಮಾಡಿಸಿ ಎಂದು ನಾನು ಹೇಳಲಾರೆ. ಆದರೆ ಮೂವರು ಮೂರು ಹೇಳಿದ್ದರ ಹಿಂದಿನ ತರ್ಕವನ್ನು ಬಿಡಿಸಿ ಹೇಳಬಲ್ಲೆ. ಯಾವ ಶಸ್ತ್ರಚಿಕಿತ್ಸೆ ಎಂಬುದು ಎಷ್ಟು ಉದ್ದದ ಗಾಯವನ್ನು ಒಪ್ಪಿಕೊಳ್ಳುತ್ತೀರಿ ಎಂಬುದರಿಂದ ಮೊದಲು ತೀರ್ಮಾನವಾಗಬಾರದು. ಹೆಚ್ಚಾದ ಚರ್ಮ ಎಲ್ಲಿದೆ, ಅದರ ಕೆಳಗಿನ ಸ್ನಾಯುಗಳು ಯಾವ ಸ್ಥಿತಿಯಲ್ಲಿವೆ ಎಂಬುದರಿಂದ ತೀರ್ಮಾನವಾಗಬೇಕು.

ಮಿನಿ ಟಮ್ಮಿ ಟಕ್ ಎಂದರೆ ಹೊಕ್ಕುಳಿನ ಕೆಳಗಿನ ಚರ್ಮವನ್ನು ಮಾತ್ರ ತೆಗೆಯುವುದು. ಸಿಸೇರಿಯನ್ ಗೆರೆಗಿಂತ ತುಸು ಉದ್ದದ ಗಾಯ, ಹೊಕ್ಕುಳಿನ ಸುತ್ತ ಕತ್ತರಿಸುವುದಿಲ್ಲ, ಚೇತರಿಕೆಯೂ ಬೇಗ. ಹೊಕ್ಕುಳಿನ ಮೇಲೆ ಚರ್ಮ ಬಿಗಿಯಾಗಿದ್ದು, ಕೆಳಗೆ ಮಾತ್ರ ಸಣ್ಣ ಮಡಿಕೆ ಇರುವ ತೆಳ್ಳಗಿನವರಿಗೆ ಅದು ಬಹಳ ಒಳ್ಳೆಯ ವಿಧಾನ. ಆದರೆ ಅಂಥವರು ಕಡಿಮೆ. 24 ಕಿಲೋ ಇಳಿಸಿಕೊಂಡು, ಹೊಕ್ಕುಳಿನ ಮೇಲೂ ಸಡಿಲವಿದೆ ಎಂದು ತಾವೇ ಬರೆದಿರುವಾಗ, ಮಿನಿ ಮಾಡಿಸಿದರೆ ಕೆಳಗೆ ಬಿಗಿಯಾಗಿ ಮೇಲೆ ಸಡಿಲವಾಗಿಯೇ ಉಳಿಯುವ, ಹೊಕ್ಕುಳು ಕೆಳಕ್ಕೆ ಎಳೆದಂತೆ ಕಾಣುವ ಸಾಧ್ಯತೆಯಿದೆ. ಚಿಕ್ಕ ಶಸ್ತ್ರಚಿಕಿತ್ಸೆ ಎಂಬ ಕಾರಣಕ್ಕೆ ಅದನ್ನು ಆರಿಸಿಕೊಂಡು, ಎರಡು ವರ್ಷದ ನಂತರ ದೊಡ್ಡದನ್ನೂ ಮಾಡಿಸಿಕೊಳ್ಳಲು ಬಂದವರನ್ನು ನೋಡಿದ್ದೇನೆ. ಆ ಹೊತ್ತಿಗೆ ಹಳೆಯ ಗಾಯದಿಂದಾಗಿ ನಮ್ಮ ಕೆಲಸವೂ ಕಷ್ಟವಾಗಿರುತ್ತದೆ.

ಫುಲ್ ಟಮ್ಮಿ ಟಕ್‌ನಲ್ಲಿ ಒಂದು ಸೊಂಟದ ಮೂಳೆಯಿಂದ ಇನ್ನೊಂದು ಸೊಂಟದ ಮೂಳೆಯವರೆಗೆ, ಕಿಬ್ಬೊಟ್ಟೆಯ ಕೆಳಗಡೆ ಒಳ ಉಡುಪಿನಲ್ಲಿ ಮುಚ್ಚಿಹೋಗುವಂತೆ ಗಾಯ ಮಾಡುತ್ತೇವೆ. ತಮ್ಮ ಸಿಸೇರಿಯನ್ ಗೆರೆ ಅಡ್ಡವಾಗಿದ್ದರೆ ಅದೂ ತೆಗೆದುಹಾಕುವ ಚರ್ಮದ ಜೊತೆಗೇ ಹೋಗುತ್ತದೆ. ಚರ್ಮವನ್ನು ಮತ್ತು ಅದರ ಕೊಬ್ಬಿನ ಪದರವನ್ನು ಪಕ್ಕೆಲುಬಿನ ಅಂಚಿನವರೆಗೆ ಸ್ನಾಯುವಿನ ಹೊದಿಕೆಯಿಂದ ಬಿಡಿಸಿ, ಕೆಳಕ್ಕೆ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯುತ್ತೇವೆ. ಇಲ್ಲಿ ಹೊಕ್ಕುಳನ್ನೇ ಬೇರೆಡೆಗೆ ಸರಿಸುತ್ತಾರೆಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಹೊಕ್ಕುಳು ತನ್ನ ಬುಡಕ್ಕೆ ಅಂಟಿಕೊಂಡು ಅಲ್ಲಿಯೇ ಇರುತ್ತದೆ. ಅದರ ಸುತ್ತಲಿನ ಚರ್ಮ ಮಾತ್ರ ಕೆಳಗಿಳಿಯುವುದರಿಂದ, ಮೇಲಿನಿಂದ ಬಂದ ಚರ್ಮದಲ್ಲಿ ಹೊಸ ರಂಧ್ರ ಮಾಡಿ ಹೊಕ್ಕುಳನ್ನು ಹೊರತಂದು ಹೊಲಿಯುತ್ತೇವೆ. ಮೇಲಿನ ಚರ್ಮ ಅಷ್ಟೊಂದು ಸಡಿಲವಿಲ್ಲದವರಲ್ಲಿ ಹಳೆಯ ರಂಧ್ರವಿದ್ದ ಜಾಗ ಕೆಳಗಿನ ಗಾಯವನ್ನು ತಲುಪುವುದಿಲ್ಲ. ಆಗ ಅಲ್ಲಿ ಒಂದೆರಡು ಅಂಗುಲದ ನೇರ ಗೆರೆ ಉಳಿಯುತ್ತದೆ. ತಮಗೆ ಮೇಲ್ಭಾಗದ ಸಡಿಲ ಕಡಿಮೆ ಎಂದಿರುವುದರಿಂದ ಈ ಮಾತನ್ನು ವೈದ್ಯರ ಬಳಿ ಮುಂಚಿತವಾಗಿಯೇ ಕೇಳಿಕೊಳ್ಳಿ.

ಇದೇ ಶಸ್ತ್ರಚಿಕಿತ್ಸೆಯಲ್ಲಿ, ಬಸಿರಿನಲ್ಲಿ ಎಡಬಲಕ್ಕೆ ಸರಿದುಹೋದ ನೇರ ಸ್ನಾಯುಗಳನ್ನು ಪಕ್ಕೆಲುಬಿನ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ನಡುಗೆರೆಯಲ್ಲಿ ಒಟ್ಟುಗೂಡಿಸಿ ಹೊಲಿಯಬಹುದು. ಕೆಮ್ಮಿದಾಗ ಕಾಣುವ ತಮ್ಮ ಉಬ್ಬು ಹೊಕ್ಕುಳಿನ ಹರ್ನಿಯಾ ಇರಬಹುದು. ಅಲ್ಟ್ರಾಸೌಂಡ್ ಮಾಡಿಸಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಅದು ಇದ್ದರೆ ಅದೇ ವೇಳೆಯಲ್ಲಿ ಸರಿಪಡಿಸಬಹುದಾದರೂ ಹೊಕ್ಕುಳಿನ ರಕ್ತಸಂಚಾರವನ್ನು ಕಾಪಾಡುವಂತೆ ಮೊದಲೇ ಯೋಜಿಸಬೇಕಾಗುತ್ತದೆ.

ಫ್ಲರ್-ಡಿ-ಲೀ ವಿಧಾನದಲ್ಲಿ ಅಡ್ಡ ಗಾಯದ ಜೊತೆಗೆ ಎದೆಮೂಳೆಯ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ನೇರ ಗಾಯವೂ ಇರುತ್ತದೆ. ಫುಲ್ ವಿಧಾನವು ಚರ್ಮವನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಬಿಗಿಗೊಳಿಸುತ್ತದೆ, ಇದು ಎಡಬಲಗಳಿಂದಲೂ ಬಿಗಿಗೊಳಿಸುತ್ತದೆ. ಹೊಟ್ಟೆಯ ಮೇಲ್ಭಾಗದ ಚರ್ಮವನ್ನು ಎರಡೂ ಕೈಗಳಿಂದ ನಡುವಿಗೆ ತಂದಾಗ ಹಿಡಿತುಂಬ ಸಿಗುವವರಿಗೆ, ಅಂದರೆ ಸಾಮಾನ್ಯವಾಗಿ ಬೇರಿಯಾಟ್ರಿಕ್ (ತೂಕ ಇಳಿಸುವ) ಶಸ್ತ್ರಚಿಕಿತ್ಸೆಯ ನಂತರ ಬಹಳಷ್ಟು ತೂಕ ಇಳಿದವರಿಗೆ, ಅಥವಾ ಹೊಟ್ಟೆಯ ನಡುವೆ ಈಗಾಗಲೇ ಹಳೆಯ ನೇರ ಗಾಯವಿರುವವರಿಗೆ ಇದು ಉಪಯುಕ್ತ. ಉಳಿದವರಿಗೆ ಆ ನೇರ ಗೆರೆ ವ್ಯರ್ಥದ ಬೆಲೆ. ನಮ್ಮ ಮೈಬಣ್ಣದಲ್ಲಿ ಗಾಯದ ಕಲೆ ಕಪ್ಪಾಗುವುದು, ಉಬ್ಬುವುದು ಹೆಚ್ಚೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚರ್ಮವು ಪಕ್ಕೆಗಳ ಮೇಲೂ ಜೋತಿದ್ದರೆ ಗಾಯವನ್ನು ಸೊಂಟದ ಹಿಂದಕ್ಕೆ ಬೆಳೆಸುವ ಎಕ್ಸ್‌ಟೆಂಡೆಡ್ ವಿಧಾನವಿದೆ, ಬೆನ್ನು ಮತ್ತು ಪೃಷ್ಠದವರೆಗೂ ಜೋತಿದ್ದರೆ ನಡುವಿನ ಸುತ್ತಲೂ ತೆಗೆಯುವ ಬೆಲ್ಟ್ ಲಿಪೆಕ್ಟಮಿ ಇದೆ. ಮೇಲ್ಹೊಟ್ಟೆಯ ಚರ್ಮವನ್ನು ಸ್ತನಗಳ ಕೆಳಗಿನ ಗಾಯದಿಂದ ಮೇಲಕ್ಕೆ ಎಳೆಯುವ ವಿಧಾನ ಬಲು ಅಪರೂಪ. ಇನ್ನು, ಸ್ನಾಯುವನ್ನು ಮುಟ್ಟದೆ, ಮೇಲಿನ ಚರ್ಮವನ್ನು ಬಿಡಿಸದೆ, ಜೋತುಬಿದ್ದ ಮಡಿಕೆಯನ್ನಷ್ಟೇ ಕತ್ತರಿಸಿ ತೆಗೆಯುವುದಕ್ಕೆ ಪನಿಕ್ಯುಲೆಕ್ಟಮಿ ಎನ್ನುತ್ತಾರೆ. ಈ ಎಲ್ಲ ವಿಧಾನಗಳಿಗೂ ಅದೇ ಮೂಲ. ಅಮೆರಿಕದ ಬಾಲ್ಟಿಮೋರಿನ ಸ್ತ್ರೀರೋಗ ತಜ್ಞ ಹೊವಾರ್ಡ್ ಕೆಲ್ಲಿ 1899ರಲ್ಲಿಯೇ ಅಂಥದ್ದನ್ನು ವರದಿ ಮಾಡಿದ್ದರು. ಇಂದಿಗೂ ಅದು ಅಂದಕ್ಕಿಂತ ಹೆಚ್ಚಾಗಿ, ಮಡಿಕೆಯ ಸಂದಿಯ ಸೋಂಕಿನಿಂದ ನರಳುವವರ ನೆಮ್ಮದಿಗಾಗಿ ಮಾಡುವ ಶಸ್ತ್ರಚಿಕಿತ್ಸೆ.

ಲಿಪೊಸಕ್ಷನ್ ಒಂದರಿಂದಲೇ ಆಗದೇ ಎಂದು ಮುಂದೆ ಯಾರಾದರೂ ಕೇಳುತ್ತಾರೆ. ಅದು ಕೊಬ್ಬನ್ನು ತೆಗೆಯುತ್ತದೆ, ಚರ್ಮವನ್ನಲ್ಲ. ಸಡಿಲ ಚರ್ಮದ ಕೆಳಗಿನ ಕೊಬ್ಬನ್ನು ಹೀರಿದರೆ ಚರ್ಮ ಇನ್ನಷ್ಟು ಜೋಲುತ್ತದೆ. ಎರಡನ್ನೂ ಕೂಡಿಸಿ, ಚರ್ಮವನ್ನು ನಡುವಿನಲ್ಲಿ ಮಾತ್ರ ಬಿಡಿಸಿ ಪಕ್ಕಗಳ ರಕ್ತನಾಳಗಳನ್ನು ಉಳಿಸುವ ವಿಧಾನವನ್ನು ಬ್ರೆಜಿಲ್‌ನ ಓಸ್ವಾಲ್ಡೊ ಸಾಲ್ಡಾನ್ಯಾ 2001ರಲ್ಲಿ ಪ್ರಕಟಿಸಿದರು. ಇಂದು ಬಹಳ ಕಡೆ ಅದೇ ಜಾಡಿನಲ್ಲಿ ಕೆಲಸ ನಡೆಯುತ್ತದೆ.


ಉತ್ತರ 2: ಚಾಮುಂಡಿಪುರದ ಅಮ್ಮ, ಮೈಸೂರು

ಡಾಕ್ಟರ್ ಸಾಹೇಬರು ವಿಧಾನಗಳನ್ನು ವಿವರಿಸಿದ್ದಾರೆ. ನಾನು ಫುಲ್ ಟಮ್ಮಿ ಟಕ್ ಮತ್ತು ಪಕ್ಕೆಗಳ ಲಿಪೊಸಕ್ಷನ್ ಎರಡನ್ನೂ ಒಟ್ಟಿಗೆ ಮಾಡಿಸಿಕೊಂಡವಳು, ಆದ್ದರಿಂದ ಮನೆಗೆ ಬಂದ ನಂತರದ ಸಂಗತಿಗಳನ್ನು ಬರೆಯುತ್ತೇನೆ. ನಿಮ್ಮ ನಿರ್ಧಾರಕ್ಕೆ ಅವೂ ಅಷ್ಟೇ ಮುಖ್ಯ, ತಂಗಿ.

ಸ್ನಾಯುಗಳನ್ನು ಹೊಲಿದಿರುವುದರಿಂದ ಮತ್ತು ಚರ್ಮ ಬಿಗಿಯಾಗಿರುವುದರಿಂದ ಮೊದಲ ವಾರ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಮುಂದಕ್ಕೆ ಬಾಗಿಯೇ ನಡೆಯಬೇಕು, ತಲೆ ಮತ್ತು ಬೆನ್ನಿನ ಕೆಳಗೆ ದಿಂಬು, ಮೊಣಕಾಲಿನ ಕೆಳಗೆ ಇನ್ನೊಂದು ದಿಂಬು ಇಟ್ಟುಕೊಂಡು ಅಂಗಾತವೇ ಮಲಗಬೇಕು. ಕೆಮ್ಮು, ಸೀನು, ನಗು ಬಂದರೂ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು. ಗಾಯದ ಪಕ್ಕದಿಂದ ಹೊರಟ ಎರಡು ಸಣ್ಣ ಕೊಳವೆಗಳ ತುದಿಗೆ ರಬ್ಬರಿನ ಬುಡ್ಡೆಗಳಿದ್ದವು. ಅವುಗಳಲ್ಲಿ ತುಂಬಿದ ನೀರನ್ನು ಬೆಳಿಗ್ಗೆ ಸಂಜೆ ಅಳತೆ ಲೋಟದಲ್ಲಿ ಅಳೆದು ಬರೆದಿಡುವ ಕೆಲಸ ನನ್ನ ಮಗಳದ್ದಾಗಿತ್ತು. ಮೊದಲು ಕೆಂಪಾಗಿದ್ದದ್ದು ದಿನ ಕಳೆದಂತೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ದಿನಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ಒಂದೊಂದಾಗಿ ತೆಗೆದರು.

ನಮ್ಮ ಮನೆಗಳಿಗೆ ಸಂಬಂಧಿಸಿದ, ಆಸ್ಪತ್ರೆಯವರು ಹೇಳಲು ಮರೆಯುವ ಮಾತುಗಳಿವೆ. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ ಹಲವು ವಾರ ಸಾಧ್ಯವೇ ಇಲ್ಲ, ಕಮೋಡ್ ಇಲ್ಲದಿದ್ದರೆ ಮೊದಲು ಅದರ ವ್ಯವಸ್ಥೆ ಮಾಡಿಕೊಳ್ಳಿ. ನೆಲದ ಮೇಲೆ ಕೂತು ಊಟ ಮಾಡುವುದು, ತುಂಬಿದ ಬಿಂದಿಗೆ ಎತ್ತುವುದು, ಗ್ಯಾಸ್ ಸಿಲಿಂಡರ್ ಜರುಗಿಸುವುದು, ಮಗುವನ್ನು ಸೊಂಟದ ಮೇಲೆ ಎತ್ತಿಕೊಳ್ಳುವುದು ಯಾವುದೂ ಆರು ವಾರ ಬೇಡವೆಂದಿದ್ದರು. ಮಲಬದ್ಧತೆಯಾಗದಂತೆ ಔಷಧ ಕೇಳಿ ಬರೆಸಿಕೊಳ್ಳಿ, ಏಕೆಂದರೆ ತಿಣುಕುವುದರಿಂದ ಒಳಗಿನ ಹೊಲಿಗೆಗೆ ಎಳೆತ ಬೀಳುತ್ತದೆ. ಬಿಗಿಯಾದ ಬೆಲ್ಟನ್ನು ಹಗಲು ರಾತ್ರಿ ಧರಿಸಬೇಕಾಗಿರುವುದರಿಂದ ಕಡು ಬೇಸಿಗೆಯಲ್ಲಿ ದಿನಾಂಕ ಇಟ್ಟುಕೊಳ್ಳಬೇಡಿ.

ಹೊಕ್ಕುಳಿನ ಕೆಳಗೆ ಬಹಳ ತಿಂಗಳು ಸ್ಪರ್ಶವೇ ತಿಳಿಯಲಿಲ್ಲ, ಈಗಲೂ ಒಂದು ಅಂಗೈಯಷ್ಟು ಜಾಗ ಜೋಮು ಹಿಡಿದಂತೆಯೇ ಇದೆ. ಅದಕ್ಕಾಗಿಯೇ ಬಿಸಿನೀರಿನ ಚೀಲ ಇಡಬಾರದೆಂದು ಎಚ್ಚರಿಸಿದ್ದರು, ಸುಟ್ಟರೂ ಗೊತ್ತಾಗುವುದಿಲ್ಲ. ಗಾಯದ ಗೆರೆ ಮೊದಲ ಆರು ತಿಂಗಳು ಕಡುಗೆಂಪಾಗಿ ಗಟ್ಟಿಯಾಗಿತ್ತು. ಸಿಲಿಕೋನ್ ಪಟ್ಟಿ ಅಂಟಿಸಿಕೊಂಡು, ವರ್ಷದ ಮೇಲೆ ತೆಳುವಾಯಿತು. ಇಷ್ಟೆಲ್ಲ ಬರೆದದ್ದು ಹೆದರಿಸಲಿಕ್ಕಲ್ಲ. ಮಡಿಕೆಯ ಸಂದಿಯ ಹುಣ್ಣು ಹೋಗಿ, ಸೀರೆಯನ್ನು ಎಲ್ಲಿ ಬೇಕೋ ಅಲ್ಲಿ ಕಟ್ಟಿಕೊಂಡು ದಿನವಿಡೀ ನಿಂತು ಕೆಲಸ ಮಾಡುವಂತಾಗಿದೆ. ನನ್ನ ಮಟ್ಟಿಗೆ ಅದು ದೊಡ್ಡ ಸುಖ.


ಉತ್ತರ 3: ಬೆಣ್ಣೆನಗರಿ, ದಾವಣಗೆರೆ

ಫ್ಲರ್-ಡಿ-ಲೀ ಮಾಡಿಸಿಕೊಂಡವರ ಮಾತೂ ಇರಲೆಂದು ಬರೆಯುತ್ತಿದ್ದೇನೆ. ಜಠರವನ್ನು ಕಿರಿದುಗೊಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಿಂದ ನನ್ನ ತೂಕ 142 ಕಿಲೋದಿಂದ 83ಕ್ಕೆ ಇಳಿಯಿತು. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಬೇಕಾದರೆ ಹೊಟ್ಟೆಯ ಚರ್ಮವನ್ನೂ ಮಡಚಿ ಸೇರಿಸಬೇಕಾಗಿತ್ತು. ಹೊಕ್ಕುಳಿನ ಮೇಲೆಯೂ ಚರ್ಮವು ಪರದೆಯಂತೆ ನೆರಿಗೆ ನೆರಿಗೆಯಾಗಿ ಬಿದ್ದಿತ್ತು. ಅಡ್ಡ ಗಾಯ ಒಂದರಿಂದಲೇ ಮಾಡಿದರೆ ಮೇಲಿನ ನೆರಿಗೆ ಹಾಗೆಯೇ ಉಳಿಯುತ್ತದೆ ಎಂದು ವೈದ್ಯರು ಕನ್ನಡಿಯ ಮುಂದೆ ನಿಲ್ಲಿಸಿ, ಚರ್ಮವನ್ನು ಒಮ್ಮೆ ಕೆಳಕ್ಕೆ ಎಳೆದು, ಇನ್ನೊಮ್ಮೆ ಎರಡೂ ಬದಿಯಿಂದ ನಡುವಿಗೆ ತಂದು ತೋರಿಸಿದರು. ಆ ವ್ಯತ್ಯಾಸವನ್ನು ಕಣ್ಣಾರೆ ಕಂಡ ಮೇಲೆ ನೇರ ಗಾಯಕ್ಕೆ ಒಪ್ಪಿದೆ. ಅಕ್ಕ, ನೀವೂ ನಿಮ್ಮ ವೈದ್ಯರಿಗೆ ಹೀಗೆ ತೋರಿಸಲು ಕೇಳಿ.

ನನಗೆ ತೊಂದರೆಯಾದದ್ದು ಅಡ್ಡ ಗಾಯವೂ ನೇರ ಗಾಯವೂ ಕೂಡುವ ಜಾಗದಲ್ಲಿ. ಅಲ್ಲಿ ಎಳೆತ ಹೆಚ್ಚು, ರಕ್ತಸಂಚಾರ ಕಡಿಮೆ. ಉಗುರಿನಷ್ಟು ಅಗಲ ಹೊಲಿಗೆ ಬಿಟ್ಟುಕೊಂಡು, ಮಾಯಲು ಇನ್ನಷ್ಟು ವಾರ ಡ್ರೆಸ್ಸಿಂಗ್ ಬೇಕಾಯಿತು. ಸ್ಲೀವ್ ಅಥವಾ ಜಠರದ ಬೈಪಾಸ್ ಆದವರಲ್ಲಿ ಪ್ರೋಟೀನ್, ಕಬ್ಬಿಣ, ಬಿ12 ಕೊರತೆ ಸಾಮಾನ್ಯವಾದ್ದರಿಂದ ಅವನ್ನು ಪರೀಕ್ಷಿಸಿ ಸರಿಪಡಿಸಿದ ಮೇಲೆಯೇ ನಮ್ಮಲ್ಲಿ ದಿನ ಗೊತ್ತುಮಾಡಿದರು. ಬೇರಿಯಾಟ್ರಿಕ್ ಆದ 12ರಿಂದ 18 ತಿಂಗಳ ತರುವಾಯ, ತೂಕ ಕನಿಷ್ಠ ಆರು ತಿಂಗಳು ಒಂದೇ ಕಡೆ ನಿಂತ ಮೇಲೆ ಮಾಡಿಸುವುದು ವಾಡಿಕೆ. ಅವಸರ ಮಾಡಿದರೆ, ತೂಕ ಮತ್ತೆ ಇಳಿದು ಬಿಗಿ ಮಾಡಿದ ಚರ್ಮವೇ ಸಡಿಲವಾಗುತ್ತದೆ.


ಉತ್ತರ 4: ಫಿಸಿಯೋಥೆರಪಿಸ್ಟ್, ಬೆಂಗಳೂರು

ಬಾಣಂತನದಲ್ಲಿ ಹೊಟ್ಟೆ ಕಟ್ಟುವ ಮಾತು ಬಂದದ್ದರಿಂದ ಉತ್ತರಿಸಬೇಕೆನಿಸಿತು. ಬಟ್ಟೆ ಕಟ್ಟಿದಾಗ ಬಾಣಂತಿಯ ಹೊಟ್ಟೆಗೂ ಬೆನ್ನಿಗೂ ಆಸರೆ ಸಿಗುತ್ತದೆ, ಏಳುವುದು ಕೂರುವುದು ಸುಲಭವಾಗುತ್ತದೆ. ಆದರೆ ಹಿಗ್ಗಿ ಸೀಳಿದ ಚರ್ಮವನ್ನು ಅದು ಕುಗ್ಗಿಸಲಾರದು. ಆ ಬಗ್ಗೆ ತಾವು ಅಪರಾಧಿ ಭಾವನೆ ಇಟ್ಟುಕೊಳ್ಳಬೇಕಾಗಿಲ್ಲ.

ಸ್ನಾಯುಗಳು ಅಗಲಿವೆಯೇ ಎಂಬುದನ್ನು ಮನೆಯಲ್ಲಿಯೇ ಸ್ಥೂಲವಾಗಿ ತಿಳಿಯಬಹುದು. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆ ಮತ್ತು ಭುಜವನ್ನು ಸ್ವಲ್ಪ ಎತ್ತಿ, ಹೊಕ್ಕುಳಿನ ತುಸು ಮೇಲೆ ಬೆರಳುಗಳನ್ನು ಅಡ್ಡವಾಗಿ ಒತ್ತಿ ನೋಡಿ. ಎರಡು ಗಟ್ಟಿ ಅಂಚುಗಳ ನಡುವೆ ಬೆರಳು ಇಳಿಯುವ ಜಾಗ ಸುಮಾರು 2 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಅದನ್ನು ಡಯಾಸ್ಟಾಸಿಸ್ ಎನ್ನುತ್ತೇವೆ. ವ್ಯಾಯಾಮದಿಂದ ಒಳಸ್ನಾಯುಗಳ ಹಿಡಿತ ಸುಧಾರಿಸುತ್ತದೆ, ಬೆನ್ನುನೋವು ಕಡಿಮೆಯಾಗುತ್ತದೆ, ಎಷ್ಟೋ ಜನರಲ್ಲಿ ಅಂತರವೂ ತಗ್ಗುತ್ತದೆ. ಶಸ್ತ್ರಚಿಕಿತ್ಸೆಯೇ ಬೇಕೆಂದು ತೀರ್ಮಾನಿಸಿದರೂ ಅದಕ್ಕೆ ಮುಂಚೆ ಮೂರು ತಿಂಗಳು ಉಸಿರಾಟದ ಮತ್ತು ಒಳಸ್ನಾಯುವಿನ ವ್ಯಾಯಾಮ ಕಲಿತವರ ಚೇತರಿಕೆ ಚೆನ್ನಾಗಿರುತ್ತದೆಂಬುದು ನನ್ನ ಅನುಭವ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಹೊಟ್ಟೆ ಮುಂದೆ ಬಂದಿರುವುದೆಲ್ಲ ಚರ್ಮವಲ್ಲ. ಮಲಗಿದಾಗಲೂ ಹೊಟ್ಟೆ ಗುಂಡಗೆ ಎದ್ದು ನಿಂತಿದ್ದರೆ ಕೊಬ್ಬು ಕರುಳಿನ ಸುತ್ತ, ಸ್ನಾಯುವಿನ ಒಳಗಡೆ ಇದೆ ಎಂದರ್ಥ. ಭಾರತೀಯರಲ್ಲಿ ತೂಕ ತೀರಾ ಹೆಚ್ಚಿಲ್ಲದಿದ್ದರೂ ಇದು ಸಾಮಾನ್ಯ. ಅದನ್ನು ಯಾವ ಟಮ್ಮಿ ಟಕ್ಕೂ ತೆಗೆಯಲಾರದು, ಮತ್ತು ಅಂಥ ಹೊಟ್ಟೆಯ ಸ್ನಾಯುಗಳನ್ನು ಬಲವಂತವಾಗಿ ಬಿಗಿದು ಹೊಲಿದರೆ ಉಸಿರಾಟಕ್ಕೇ ಕಷ್ಟವಾಗುತ್ತದೆ.


ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಫಿಸಿಯೋ ಮೇಡಂ ಹೇಳಿದಂತೆ ಮಲಗಿ ನೋಡಿದೆ. ಹೊಟ್ಟೆ ಚಪ್ಪಟೆಯಾಗುತ್ತದೆ, ನಡುವೆ ಮೂರು ಬೆರಳು ಸಲೀಸಾಗಿ ಇಳಿಯುತ್ತವೆ. ಮೇಲ್ಹೊಟ್ಟೆಯ ಚರ್ಮವನ್ನು ಎರಡೂ ಬದಿಯಿಂದ ಹಿಡಿದರೆ ಹೆಚ್ಚೇನೂ ಕೈಗೆ ಸಿಗುವುದಿಲ್ಲ, ಕೆಳಕ್ಕೆ ಎಳೆದರೆ ಮಾತ್ರ ಬಿಗಿಯಾಗುತ್ತದೆ. ಹಾಗಾದರೆ ನನಗೆ ಒಗ್ಗುವುದು ಫುಲ್ ವಿಧಾನವೇ ಎಂದು ತೋರುತ್ತದೆ.

ಸರ್ಜನ್ ಸರ್ ಅವರಲ್ಲಿ ಮತ್ತೆರಡು ಪ್ರಶ್ನೆಗಳಿವೆ. ಇಪ್ಪತ್ತನೆಯ ವಯಸ್ಸಿನಲ್ಲಿ ನನಗೆ ಪಿತ್ತಕೋಶದ ಕಲ್ಲಿಗಾಗಿ ತೆರೆದ ಶಸ್ತ್ರಚಿಕಿತ್ಸೆಯಾಗಿ, ಬಲ ಪಕ್ಕೆಲುಬಿನ ಕೆಳಗೆ ಓರೆಯಾದ ಉದ್ದನೆಯ ಗೆರೆಯಿದೆ. ಇದನ್ನು ಯಾವ ವೈದ್ಯರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದು ಮುಖ್ಯವೇ? ಬೆಂಗಳೂರಿನಲ್ಲಿ ಮಾಡಿಸಿದರೆ ಎಷ್ಟು ಬೇಗ ಊರಿಗೆ ಮರಳಬಹುದು, ಮತ್ತು ಇದಕ್ಕೆ ಆರೋಗ್ಯ ವಿಮೆ ಸಿಗುತ್ತದೆಯೇ?


ಉತ್ತರ 5: ಪ್ಲಾಸ್ಟಿಕ್ ಸರ್ಜನ್, ಹುಬ್ಬಳ್ಳಿ

ಮೇಡಂ, ಆ ಗೆರೆ ಬಹಳ ಮುಖ್ಯ. ಅದನ್ನು ಹೇಳಿದ್ದು ಒಳ್ಳೆಯದಾಯಿತು. ಫುಲ್ ಟಮ್ಮಿ ಟಕ್‌ನಲ್ಲಿ ಚರ್ಮವನ್ನು ಬಿಡಿಸುವಾಗ ನಡುವಿನ ಸ್ನಾಯುಗಳಿಂದ ಮೇಲೆ ಬರುವ ರಕ್ತನಾಳಗಳು ಕಡಿದುಹೋಗುತ್ತವೆ. ಆನಂತರ ಕೆಳಕ್ಕೆಳೆದ ಚರ್ಮ ಬದುಕುವುದು ಪಕ್ಕೆಲುಬುಗಳ ಸಂದಿಯಿಂದ ಮತ್ತು ಸೊಂಟದ ಬದಿಯಿಂದ ಬರುವ ನಾಳಗಳ ಮೇಲೆ. ಬಲ ಪಕ್ಕೆಲುಬಿನ ಕೆಳಗಿನ ಹಳೆಯ ಗಾಯ ಆ ಬದಿಯ ಹಾದಿಯನ್ನು ಈಗಾಗಲೇ ತುಂಡರಿಸಿದೆ. ಅದನ್ನು ಗಮನಿಸದೆ ಎಂದಿನಂತೆ ಅಗಲವಾಗಿ ಬಿಡಿಸಿದರೆ, ಗೆರೆಯ ಕೆಳಗಿನ ಚರ್ಮ ಕಪ್ಪಾಗಿ ಸಾಯಬಹುದು. ಹಾಗೆಂದು ಶಸ್ತ್ರಚಿಕಿತ್ಸೆ ಅಸಾಧ್ಯವೇನಲ್ಲ. ನಡುವಿನಲ್ಲಿ ಕಿರಿದಾಗಿ ಬಿಡಿಸಿ ಸ್ನಾಯು ಹೊಲಿಯುವುದು, ಆ ಬದಿಯಲ್ಲಿ ಲಿಪೊಸಕ್ಷನ್ ಮಾಡದಿರುವುದು, ಎಳೆತ ಕಡಿಮೆ ಇಡುವುದು ಮುಂತಾದ ಮಾರ್ಗಗಳಿವೆ. ಕೆಲವರಿಗೆ ಮಡಿಕೆಯಷ್ಟನ್ನೇ ತೆಗೆಯುವುದು ಸುರಕ್ಷಿತವೆಂದು ತೀರ್ಮಾನವಾಗಬಹುದು. ಮೂವರಿಗೂ ಈ ಗೆರೆಯನ್ನು ತೋರಿಸಿ, ಅವರು ಯೋಜನೆಯನ್ನು ಹೇಗೆ ಬದಲಿಸುತ್ತಾರೆ ಎಂದು ಕೇಳಿ. ಏನೂ ಬದಲಾಗದು ಎನ್ನುವವರ ಬಳಿ ನಾನಾದರೆ ಮಾಡಿಸಿಕೊಳ್ಳಲಾರೆ. ದುರ್ಬೀನಿನಲ್ಲಿ ಪಿತ್ತಕೋಶ ತೆಗೆಸಿಕೊಂಡವರ ಸಣ್ಣ ಗುರುತುಗಳಿಗೆ ಈ ಭಯವಿಲ್ಲ. ಧೂಮಪಾನ ಮಾಡುವವರಿಗೂ ಇದೇ ಅಪಾಯ ಹೆಚ್ಚು, ಕನಿಷ್ಠ ನಾಲ್ಕು ವಾರ ಮುಂಚೆ ಮತ್ತು ನಾಲ್ಕು ವಾರ ನಂತರ ಸಂಪೂರ್ಣ ಬಿಡಬೇಕು.

ಊರಿಗೆ ಮರಳುವ ವಿಚಾರದಲ್ಲಿ ದಯವಿಟ್ಟು ಅವಸರ ಬೇಡ. ಈ ಶಸ್ತ್ರಚಿಕಿತ್ಸೆಯಲ್ಲಿ ಚರ್ಮದಡಿ ನೀರು ತುಂಬುವ ಸಿರೋಮಾ ಎಲ್ಲಕ್ಕಿಂತ ಸಾಮಾನ್ಯವಾದ ತೊಂದರೆ, ಅದನ್ನು ಸೂಜಿಯಿಂದ ತೆಗೆಯಬಹುದು. ಪ್ರಾಣಕ್ಕೆ ಎರವಾಗಬಲ್ಲದ್ದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು. ಅದು ಅಪರೂಪ, ಆದರೆ ಸುಮಾರು 300 ಕಿಲೋಮೀಟರ್ ಕಾರಿನಲ್ಲಿ ಕಾಲು ಮಡಚಿ ಕೂತರೆ ಆ ಅಪಾಯ ಹೆಚ್ಚುತ್ತದೆ. ಡ್ರೈನ್ (ನೀರು ಹೊರಹಾಕುವ ಕೊಳವೆ) ತೆಗೆದು, ಮೊದಲ ಎರಡು ವಾರದ ತಪಾಸಣೆ ಮುಗಿಯುವವರೆಗೆ ಆಸ್ಪತ್ರೆಯ ಹತ್ತಿರವೇ ಉಳಿಯಲು ಏರ್ಪಾಡು ಮಾಡಿಕೊಳ್ಳಿ. ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ನಡೆಯಿರಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಹೀಗೆ ರಕ್ತ ಹೆಪ್ಪುಗಟ್ಟಿದ್ದರೆ ಮೊದಲೇ ತಿಳಿಸಿ. ಮುಂದೆ ಮಗು ಬೇಕೆಂಬ ಯೋಚನೆಯಿದ್ದರೆ ಹೆರಿಗೆಯ ನಂತರಕ್ಕೆ ಮುಂದೂಡುವುದು ಲೇಸು.

ಸ್ಥಳದ ಆಯ್ಕೆಯಲ್ಲಿ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಪಡೆದವರೇ, ಅರಿವಳಿಕೆ ತಜ್ಞರು ಪೂರ್ತಿ ಸಮಯ ಇರುತ್ತಾರೆಯೇ, ಅದೇ ಕಟ್ಟಡದಲ್ಲಿ ಐಸಿಯು ಇದೆಯೇ ಎಂಬುದನ್ನು ನೇರವಾಗಿ ಕೇಳಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡ ಸುದ್ದಿ ತಮಗೆ ನೆನಪಿರಬಹುದು. ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬಾರದು, ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದೂ ಇಲ್ಲ.

ವಿಮೆಯ ಬಗ್ಗೆ: ನಮ್ಮ ದೇಶದ ಆರೋಗ್ಯ ವಿಮೆಗಳಲ್ಲಿ ರೂಪ ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಹೊರಗಿಡುವುದು ಸಾಮಾನ್ಯ ಷರತ್ತು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ ಅಥವಾ ನೇರವಾದ, ತಕ್ಷಣದ ಆರೋಗ್ಯಾಪಾಯವನ್ನು ನಿವಾರಿಸಲು ಅಗತ್ಯವೆಂದು ವೈದ್ಯರು ದೃಢೀಕರಿಸಿದ್ದಕ್ಕೆ ಮಾತ್ರ ವಿನಾಯಿತಿ ಇದೆ. ಆದ್ದರಿಂದ ಟಮ್ಮಿ ಟಕ್ಕಿನ ಖರ್ಚನ್ನು ಕೈಯಿಂದಲೇ ಹಾಕಬೇಕೆಂದು ಎಣಿಸಿಕೊಳ್ಳಿ. ಅಲ್ಟ್ರಾಸೌಂಡಿನಲ್ಲಿ ಹರ್ನಿಯಾ ಕಂಡುಬಂದರೆ ಅದರ ದುರಸ್ತಿಯ ವೆಚ್ಚ ಬೇರೆ ವಿಷಯ. ಆಸ್ಪತ್ರೆಯವರಿಂದ ಎರಡರ ಬಿಲ್ಲನ್ನು ಪ್ರತ್ಯೇಕವಾಗಿ ಬರೆಸಿಕೊಂಡು, ಹರ್ನಿಯಾದ ಭಾಗಕ್ಕೆ ವಿಮಾ ಕಂಪನಿಯಿಂದ ಮುಂಚಿತವಾಗಿ ಲಿಖಿತ ಒಪ್ಪಿಗೆ ಕೇಳಿ. ಸಂದಿಯ ಸೋಂಕಿಗೆ ಚರ್ಮರೋಗ ತಜ್ಞರಿಂದ ಪಡೆದ ಚಿಕಿತ್ಸೆಯ ಚೀಟಿಗಳನ್ನೂ ಜೊತೆಗಿಟ್ಟುಕೊಳ್ಳಿ, ಮತ್ತು ಶಸ್ತ್ರಚಿಕಿತ್ಸೆಗೆ ಮುನ್ನ ಆ ಸೋಂಕು ಪೂರ್ತಿ ವಾಸಿಯಾಗಿರುವಂತೆ ನೋಡಿಕೊಳ್ಳಿ.